ಬ್ಯಾಟ್ ಕೆಳಗಿಟ್ಟ ಸಿ.ಟಿ. ಸ್ಟಡ್

ಕಾಲೇಜ್ ಟೀಮಿನ್ಯಾಗ ಆಡೋ ಹುಡುಗರು, ಸೇವೆಗೆ ಹೋದ್ರ ನಮ್ಮ ಆಟದ ಗತಿ ಏನು ಅಂತ ನನ್ನನ್ನ ಕೇಳ್ತಾರ. ಅದಕ್ಕ ಇವತ್ತು ಚಾರ್ಲ್ಸ್ ಸ್ಟಡ್ ಜೀವನ ಹೇಳ್ತೀನಿ.

ಸ್ಟಡ್ ಹುಟ್ಟಿದ್ದು 1860ರಲ್ಲಿ, ಇಂಗ್ಲೆಂಡಿನಲ್ಲಿ. ತಂದೆ ನಮ್ಮ ದೇಶದ ಬಿಹಾರ ಕಡೆ ನೀಲಿ ಬೆಳೆಸಿ ಸಿರಿವಂತನಾದವನು. ಮೂಡಿಯವರ ಪ್ರಸಂಗ ಕೇಳಿ ರಕ್ಷಣೆ ಹೊಂದಿದ. ಮಗ ಕೇಂಬ್ರಿಜ್‌ನಲ್ಲಿ ಓದುವಾಗಲೇ 1882ರಲ್ಲಿ ಆಸ್ಟ್ರೇಲಿಯಾ ತಂಡದ ಮೇಲೆ ಎರಡು ಶತಕ ಹೊಡೆದ. ಅದೇ ಆಗಸ್ಟ್‌ನಲ್ಲಿ ಓವಲ್ ಟೆಸ್ಟ್. ಗೆಲ್ಲಲಿಕ್ಕೆ ಬೇಕಾಗಿದ್ದು 85 ರನ್, ಇಂಗ್ಲೆಂಡ್ 7 ರನ್ನಿನಿಂದ ಸೋತಿತು. ಸ್ಟಡ್‌ನನ್ನ ಹತ್ತನೆಯವನಾಗಿ ಇಳಿಸಿದ್ರು. ಒಂದೂ ಬಾಲ್ ಆಡದೇ ಆ ಕಡೆ ನಿಂತೇ ಉಳಿದ. ನೀವು ಟಿವಿಯಾಗ ನೋಡೋ ಆಷಸ್ ಅನ್ನೋ ಹೆಸರು ಹುಟ್ಟಿದ್ದು ಆ ಸೋಲಿನಿಂದ್ಲೇ ನೋಡ್ರಿ.

ಮುಂದೆ ಅಣ್ಣ ಜಾರ್ಜ್ ಸಾಯೋ ಸ್ಥಿತಿಗೆ ಬಂದ. ಅವನ ಹಾಸಿಗೆ ಪಕ್ಕ ಕೂತಾಗ ಸ್ಟಡ್‌ಗೆ ಕ್ರಿಕೆಟಿನ ಹೆಸರು ಬಹಳ ಹಗುರ ಕಂಡಿತು. ಅಣ್ಣ ಬದುಕಿದ. 1885ರ ಫೆಬ್ರವರಿಯಲ್ಲಿ ತಮ್ಮ ಚೀನಾಕ್ಕೆ ಹೊರಟ. ಆಗ ವಯಸ್ಸು 24, ಆಡಿದ್ದು 5 ಟೆಸ್ಟ್. ಆರನೆಯದು ಬರಲೇ ಇಲ್ಲ. ತಂದೆಯ ಆಸ್ತಿಯಲ್ಲಿ ತನ್ನ ಪಾಲನ್ನೂ ಮೂಡಿ, ಮುಲ್ಲರ್ ಮುಂತಾದವರ ಸೇವೆಗೆ ಕೊಟ್ಟುಬಿಟ್ಟ.

ಇಲ್ಲಿ ಒಂದು ಮಾತು ನೇರವಾಗಿ ಹೇಳ್ತೀನಿ. ಸ್ಟಡ್‌ಗೆ ಆಟ ಹೊಟ್ಟೆಪಾಡಾಗಿರಲಿಲ್ಲ, ಆತ ಸಂಬಳಕ್ಕೆ ಆಡಿದವನಲ್ಲ. ಇಳಕಲ್‌ದಾಗ ಅವ್ವ ಮಗ್ಗದಾಗ ಕೂತು ಸೀರಿ ನೇಯ್ದು ಓದಸ್ತಿರೋ ಹುಡುಗನಿಗೆ, ಸ್ಪೋರ್ಟ್ಸ್ ಕೋಟಾದಾಗ ಸಿಗೋ ನೌಕರಿ ಅಂದ್ರ ಇಡೀ ಮನಿ ಅನ್ನ. ಅವನಿಗೆ ಸ್ಟಡ್ ಹೆಸರು ಹೇಳಿ ಆಟ ಬಿಡಿಸೋ ಪಾಸ್ಟರ್ ನಾನಲ್ಲ. ಕೊಟ್ಟವನು ತನ್ನದನ್ನ ಕೊಟ್ಟ, ಅವ್ವನ ಗಂಜಿಯನ್ನಲ್ಲ.

ಚೀನಾದಿಂದ ಆರೋಗ್ಯ ಕೆಟ್ಟು ಬಂದವನು 1900ರಿಂದ 1906ರವರೆಗೆ ನಮ್ಮ ಪಕ್ಕದ ಊಟಿಯಲ್ಲೇ ಸಭಾಪಾಲಕನಾಗಿದ್ದ. 1913ರಲ್ಲಿ ಡಾಕ್ಟರ್ ಬೇಡ ಅಂದ್ರೂ ಕಾಂಗೋ ಕಾಡಿಗೆ ಹೋದ. ಹೆಂಡತಿ ಪ್ರಿಸಿಲ್ಲಾ ಇಂಗ್ಲೆಂಡಿನಲ್ಲೇ ಉಳಿದು ಆ ಸೇವೆಗಾಗಿ ದುಡಿದಳು. 1928ರಲ್ಲಿ ಒಮ್ಮೆ ಹೋಗಿ ಎರಡು ವಾರ ಅಷ್ಟೇ ಗಂಡನ ಜೊತೆ ಇದ್ದಳು, ಮರುವರ್ಷ ತೀರಿಕೊಂಡಳು. ಆ ತಾಯಿ ತೆತ್ತ ಬೆಲೆ ಯಾವ ಸ್ಕೋರ್‌ಬೋರ್ಡಿನ್ಯಾಗೂ ಇಲ್ಲ. ಸ್ಟಡ್ 1931ರ ಜುಲೈನಲ್ಲಿ ಕಾಂಗೋದ ಇಬಾಂಬಿಯಲ್ಲೇ ಮಲಗಿದ.

ಸೇವೆಗೆ ಮನಸ್ಸಿರುವವರು ಕೂಟ ಮುಗಿದ ಮೇಲೆ ಅವ್ವ-ಅಪ್ಪನ್ನ ಕರಕೊಂಡು ಬರ್ರಿ. ಪರೀಕ್ಷೆ, ಸೆಲೆಕ್ಷನ್ ತಾರೀಖನ್ನೂ ಬರಕೊಂಡು ಬರ್ರಿ. ಕೂಡಿ ಪ್ರಾರ್ಥನೆ ಮಾಡೋಣ.