ಗಣಿತಸಾರಸಂಗ್ರಹಕಾರ ಶ್ರೀ ಮಹಾವೀರಾಚಾರ್ಯರು

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನು ಮಾನ್ಯಖೇಟವನ್ನು ರಾಜಧಾನಿಯನ್ನಾಗಿ ಮಾಡಿಕೊಂಡು ಕ್ರಿ.ಶ. 814ರಿಂದ 878ರವರೆಗೆ ರಾಜ್ಯವಾಳಿದನು. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವೇ ಆ ಮಾನ್ಯಖೇಟ. ಭಗವಜ್ಜಿನಸೇನಾಚಾರ್ಯರ ಶಿಷ್ಯನೆನಿಸಿದ ಈ ಅರಸನ ಆಳ್ವಿಕೆಯಲ್ಲಿ, ಕ್ರಿ.ಶ. 850ರ ಸುಮಾರಿಗೆ, ಶ್ರೀ ಮಹಾವೀರಾಚಾರ್ಯರು ಸಂಸ್ಕೃತ ಶ್ಲೋಕಗಳಲ್ಲಿ ಗಣಿತಸಾರಸಂಗ್ರಹವೆಂಬ ಗ್ರಂಥವನ್ನು ರಚಿಸಿದರು. ತಮ್ಮ ಹುಟ್ಟೂರು, ತಂದೆತಾಯಿಗಳ ಮಾತನ್ನು ಅವರು ಅದರಲ್ಲಿ ಎತ್ತಿಲ್ಲ. ವರ್ಧಮಾನ ಜಿನೇಂದ್ರನಿಗೆ ನಮಿಸಿ, ಅರಸನನ್ನು ಹರಸಿ, ನೇರವಾಗಿ ಲೆಕ್ಕಕ್ಕೆ ಕೈಹಚ್ಚಿದ್ದಾರೆ. ಆದುದರಿಂದ ಅವರ ಚರಿತ್ರೆಯನ್ನು ಅವರ ಗಣಿತದಲ್ಲಿಯೇ ಕಾಣಬೇಕು.

ವ್ಯಾಪಾರ, ಪಾಕಶಾಸ್ತ್ರ, ಸಂಗೀತ, ವೈದ್ಯ, ವಾಸ್ತು, ಗ್ರಹಗತಿ, ದ್ವೀಪಸಮುದ್ರಗಳ ಅಳತೆ, ಇವೆಲ್ಲಕ್ಕೂ ಗಣಿತವೇ ಆಧಾರವೆಂಬುದು ಆಚಾರ್ಯರ ಮತ. ಜಂಬೂದ್ವೀಪದ ವ್ಯಾಸವೊಂದೇ ಲಕ್ಷ ಯೋಜನವೆನ್ನುವ ಪರಂಪರೆಗೆ ದೊಡ್ಡ ಸಂಖ್ಯೆಗಳು ಹೊಸತಲ್ಲ. ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಅವರು ಹೆಸರು ಹೇಳಿದ್ದಾರೆ.

ಗುಣಾಕಾರದ ಪಾಠದಲ್ಲಿ ಅವರು ಸಂಖ್ಯೆಗಳನ್ನು ಕಂಠಾಭರಣದಂತೆ ಪೋಣಿಸಿರುವುದು ಬಹು ಸೊಗಸು. 142857143ನ್ನು 7ರಿಂದ ಗುಣಿಸಿದರೆ 1000000001. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಸರ. ಇನ್ನು 27994681ನ್ನು 441ರಿಂದ ಗುಣಿಸಿದರೆ ಬರುವುದು 12345654321. ಒಂದರಿಂದ ಆರರವರೆಗೆ ಏರಿ, ಮತ್ತೆ ಒಂದಕ್ಕೆ ಇಳಿಯುವ ಈ ಸಂಖ್ಯೆ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ನಮ್ಮ ಎಣಿಕೆಯಲ್ಲಿ 1,234 ಕೋಟಿ 56 ಲಕ್ಷ 54 ಸಾವಿರದ 321.

ಇದು ಆಕಸ್ಮಿಕವಲ್ಲ. 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಅಂದಮೇಲೆ ಈ ಹಾರವು ಆರು ಒಂದುಗಳ ವರ್ಗವೇ ಆಯಿತು. ಸ್ಲೇಟಿನ ಮೇಲೆ ಗುಣಿಸಿ ನೋಡಿದರೆ, ಒಂದುಗಳ ಆರು ಸಾಲುಗಳು ಒಂದೊಂದು ಸ್ಥಾನ ಸರಿದು ನಿಲ್ಲುತ್ತವೆ. ನಡುವಿನ ಕಂಬದಲ್ಲಿ ಆರು, ಇಕ್ಕೆಲದಲ್ಲಿ ಐದು, ನಾಲ್ಕು ಹೀಗೆ ಇಳಿಯುತ್ತದೆ. ಯಾವ ಕಂಬದ ಮೊತ್ತವೂ ಹತ್ತನ್ನು ಮುಟ್ಟದ ಕಾರಣ ದಶಕ ಒಯ್ಯುವ ಪ್ರಸಂಗವಿಲ್ಲ. ಒಂದುಗಳು ಒಂಬತ್ತಿರುವವರೆಗೂ ಹಾರ ನಿಲ್ಲುತ್ತದೆ. ಹತ್ತಾದರೆ ನಡುವೆ ದಶಕ ಹುಟ್ಟಿ ಎಳೆ ಕಡಿಯುತ್ತದೆ. ಇದರ ಅಂಕಿಗಳನ್ನು ಕೂಡಿದರೆ 36, ಅದೂ ಆರರ ವರ್ಗ.

ಬಡ್ಡಿ, ಪಾಲುಗಾರಿಕೆ, ಚಿನ್ನದ ಬಣ್ಣದ ಲೆಕ್ಕಗಳು ಗ್ರಂಥದಲ್ಲಿ ಹೇರಳವಾಗಿವೆ. ಅಂಗಡಿ ಕಂಡವರಿಗೆ ಅವು ಪರಿಚಿತವೇ. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಆಚಾರ್ಯರು ಸ್ಪಷ್ಟಪಡಿಸಿದರು. ಹಲವು ವಸ್ತುಗಳಲ್ಲಿ ಕೆಲವನ್ನು ಎಷ್ಟು ಬಗೆಯಲ್ಲಿ ಆರಿಸಬಹುದೆಂಬುದಕ್ಕೆ ಸಾಮಾನ್ಯ ಸೂತ್ರವನ್ನಿತ್ತರು. ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆಂದು ಅವರು ಹೇಳಿರುವುದು ಮಾತ್ರ ಇಂದಿನ ಗಣಿತಕ್ಕೆ ಒಪ್ಪುವುದಿಲ್ಲ. ಅದನ್ನು ಮುಚ್ಚಿಡುವ ಅಗತ್ಯವೂ ಇಲ್ಲ, ಅದರಿಂದ ಅವರ ಹಿರಿಮೆಗೆ ಕುಂದೂ ಇಲ್ಲ.

11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. ಆಮೇಲೆ ಅದು ಬಹುಕಾಲ ತಾಳೆಗರಿಗಳಲ್ಲಿಯೇ ಉಳಿಯಿತು. ಆ ಗರಿಗಳನ್ನು ಹುಳು ತಿನ್ನದಂತೆ ಕಾಯ್ದವರ ಹೆಸರು ಯಾವ ಪುಟದಲ್ಲಿಯೂ ಇಲ್ಲ. ಮದರಾಸಿನ ಪ್ರೊಫೆಸರ್ ಎಂ. ರಂಗಾಚಾರ್ಯರು ಹಸ್ತಪ್ರತಿಗಳನ್ನು ಕೂಡಿಸಿ, ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಅಚ್ಚು ಹಾಕಿಸಿದರು. ಕನ್ನಡ ಅನುವಾದಸಹಿತವಾದ ಆವೃತ್ತಿಯು 2000ದಲ್ಲಿ ಹೊಂಬುಜದಿಂದ ಪ್ರಕಟವಾಯಿತು.