ಪಂಡಿತಾ ರಮಾಬಾಯಿ

ಸಹ್ಯಾದ್ರಿಯ ದಟ್ಟವಾದ ಕಾನನದ ನಡುವೆ ಗಂಗಾಮೂಲವೆಂಬ ಸ್ಥಳವೊಂದಿದೆ. ತುಂಗಾ, ಭದ್ರಾ, ನೇತ್ರಾವತಿ ನದಿಗಳು ಉಗಮಿಸುವುದು ಆ ಬೆಟ್ಟಗಳ ಮಡಿಲಿನಲ್ಲಿಯೇ. ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ, ಹುಲಿಗಳ ಸಂಚಾರವಿದ್ದ ಈ ಅರಣ್ಯದಲ್ಲಿ ಅನಂತಶಾಸ್ತ್ರಿ ಡೋಂಗ್ರೆ ಎಂಬ ವಿದ್ವಾಂಸರು ಮನೆ ಕಟ್ಟಿಕೊಂಡು, ದೂರದಿಂದ ಬಂದ ಶಿಷ್ಯರಿಗೆ ಸ್ವಂತ ಖರ್ಚಿನಲ್ಲಿ ಅನ್ನವಿಕ್ಕಿ ಸಂಸ್ಕೃತ ಪಾಠ ಹೇಳುತ್ತಿದ್ದರು. ಅವರ ಮೂಲ ಊರು ಕಾರ್ಕಳದ ಬಳಿಯ ಮಾಳ. ಊರಿನಲ್ಲಿ ನೆಮ್ಮದಿಯಿಂದ ಇರಬಹುದಾಗಿದ್ದ ಶಾಸ್ತ್ರಿಗಳು ಕಾಡನ್ನು ಸೇರಿದುದಕ್ಕೆ ಒಂದು ಕಾರಣವುಂಟು. ಅವರು ತಮ್ಮ ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತವನ್ನು ಕಲಿಸುತ್ತಿದ್ದರು. ಹೆಂಗಸಿಗೆ ದೇವಭಾಷೆಯನ್ನು ಕಲಿಸುವುದು ಶಾಸ್ತ್ರಸಮ್ಮತವಲ್ಲವೆಂದು ಪಂಡಿತರು ಆಕ್ಷೇಪಿಸಿದರು. ಶಾಸ್ತ್ರಿಗಳು ಗ್ರಂಥಗಳ ಆಧಾರವನ್ನೇ ತೋರಿಸಿ ಅವರಿಗೆ ಉತ್ತರ ಕೊಟ್ಟರು; ಆದರೆ ನಿತ್ಯದ ವಾಗ್ವಾದಕ್ಕಿಂತ ಕಾಡಿನ ಏಕಾಂತವೇ ಮೇಲೆಂದು ಅವರಿಗೆ ಕಂಡಿತು.

ಈ ದಂಪತಿಗಳ ಕಿರಿಯ ಮಗಳಾಗಿ 1858ರ ಏಪ್ರಿಲ್ 23ರಂದು ಗಂಗಾಮೂಲದಲ್ಲಿ ರಮಾಬಾಯಿ ಜನಿಸಿದರು. ಭಾರತದಾದ್ಯಂತ ಪಂಡಿತೆಯೆಂದು ಕೀರ್ತಿ ಪಡೆದು, ಮುಂದೆ ಸಾವಿರಾರು ನಿರ್ಗತಿಕ ಬಾಲಿಕೆಯರಿಗೆ ತಾಯಿಯಾದ ಈ ಮಹಿಳೆ ನಮ್ಮ ನಾಡಿನ ಕಾಡಿನಲ್ಲಿ ಕಣ್ಣು ತೆರೆದವರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಮಗುವಿಗೆ ಆರು ತಿಂಗಳು ತುಂಬುವ ವೇಳೆಗೆ ಅತಿಥಿಸತ್ಕಾರದಲ್ಲಿಯೇ ಶಾಸ್ತ್ರಿಗಳ ಐಶ್ವರ್ಯವೆಲ್ಲ ಕರಗಿಹೋಗಿತ್ತು. ಸಂಸಾರವು ಕಾಡನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಹಸುಗೂಸನ್ನು ಬುಟ್ಟಿಯಲ್ಲಿ ಮಲಗಿಸಿ ತಲೆಯ ಮೇಲೆ ಹೊರಿಸಿಕೊಂಡು ಹೋದರು. ಅಂದಿನಿಂದ ರಮಾಬಾಯಿಗೆ ಊರೆಂಬುದೊಂದು ಇರಲಿಲ್ಲ. ದೇವಾಲಯದ ಪ್ರಾಕಾರ, ನದಿಯ ಘಟ್ಟ, ಮರದ ನೆರಳು, ಇವೇ ಆಕೆಯ ಮನೆ, ತಾಯಿಯೇ ಪಾಠಶಾಲೆ. ಇನ್ನೂ ಬೆಳಕು ಹರಿಯದ ಜಾವದಲ್ಲಿ ಲಕ್ಷ್ಮೀಬಾಯಿ ಮಗಳನ್ನೆಬ್ಬಿಸಿ ಶ್ಲೋಕಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಭಾಗವತದ ಹದಿನೆಂಟು ಸಾವಿರ ಶ್ಲೋಕಗಳು ಆಕೆಗೆ ಎಳವೆಯಲ್ಲಿಯೇ ಕಂಠಸ್ಥವಾದವು. ಊರೂರು ಅಲೆದಂತೆ ಮರಾಠಿಯೊಡನೆ ಕನ್ನಡ, ಹಿಂದೂಸ್ತಾನಿ ಭಾಷೆಗಳೂ ಕಿವಿಯಿಂದಲೇ ಬಂದವು.

ಪುರಾಣ ಹೇಳಿ ಬಂದ ದಕ್ಷಿಣೆಯಿಂದ ನಡೆಯುತ್ತಿದ್ದ ಈ ಜೀವನಕ್ಕೆ ಬರಗಾಲವು ಕೊಡಲಿಯೇಟನ್ನು ಹಾಕಿತು. ಮದ್ರಾಸ್ ಪ್ರಾಂತದಲ್ಲಿ ಧಾನ್ಯ ದುರ್ಲಭವಾಯಿತು. ಒಡವೆ, ಪಾತ್ರೆ, ಬಟ್ಟೆಗಳನ್ನೆಲ್ಲ ಒಂದೊಂದಾಗಿ ಮಾರಿ ಆಯಿತು. ಓದು ಬಲ್ಲ ಮನೆತನ. ಕೂಲಿ ಮಾಡಲು ತಿಳಿಯದು, ಭಿಕ್ಷೆ ಬೇಡಲು ನಾಲಗೆ ಏಳದು. ತಿರುಪತಿಯ ಸಮೀಪದ ಕಾಡೊಂದನ್ನು ಹೊಕ್ಕು, ಹನ್ನೊಂದು ದಿನಗಳ ಕಾಲ ಎಲೆ, ನೀರು ಮತ್ತು ಒಂದು ಹಿಡಿ ಕಾಡು ಈಚಲ ಹಣ್ಣಿನಿಂದ ಜೀವ ಹಿಡಿದರು. ವೃದ್ಧರಾದ ಶಾಸ್ತ್ರಿಗಳು ಅಲ್ಲಿಯೇ ಜಲಸಮಾಧಿ ಹೊಂದುವೆನೆಂದು ನಿಶ್ಚಯಿಸಿ ಒಬ್ಬೊಬ್ಬರಿಂದಲೂ ಬೀಳ್ಕೊಂಡರು. ಆಗ ಮಗ ಶ್ರೀನಿವಾಸಶಾಸ್ತ್ರಿ ಜಾತಿಯ ಅಭಿಮಾನವನ್ನು ಬದಿಗಿಟ್ಟು ಎಂಥ ಕೂಲಿಯನ್ನಾದರೂ ಮಾಡಿ ಎಲ್ಲರನ್ನೂ ಸಾಕುವೆನೆಂದು ಹೇಳಿ ತಂದೆಯನ್ನು ತಡೆದನು. ಆದರೆ ಕಾಲ ಮಿಂಚಿತ್ತು. 1874ರಲ್ಲಿ ತಂದೆ ತೀರಿಕೊಂಡರು. ಕೆಲವೇ ತಿಂಗಳಲ್ಲಿ ತಾಯಿ ಹಾಸಿಗೆ ಹಿಡಿದರು. ಅವರಿಗಾಗಿ ರಮಾಬಾಯಿ ನೆರೆಮನೆಯ ಬಾಗಿಲಿಗೆ ಹೋದರೂ ಬೇಡುವ ಮಾತು ಗಂಟಲಿನಿಂದ ಹೊರಡಲಿಲ್ಲ; ಕಣ್ಣೀರನ್ನು ಕಂಡು ಮನೆಯಾಕೆ ಸಜ್ಜೆಯ ರೊಟ್ಟಿಯ ತುಂಡೊಂದನ್ನು ಕೊಟ್ಟಳು. ತಾಯಿಗೆ ಅದನ್ನು ತಿನ್ನುವ ಶಕ್ತಿಯೂ ಉಳಿದಿರಲಿಲ್ಲ. ಆಕೆ ಮಡಿದಾಗ ಹೆಣ ಹೊರಲು ಅಣ್ಣನೊಡನೆ ಇಬ್ಬರು ಮಾತ್ರ ದೊರೆತರು. ನಾಲ್ಕನೆಯವಳಾಗಿ ಮಗಳೇ ಹೆಗಲು ಕೊಡಬೇಕಾಯಿತು. ಎತ್ತರ ಸಾಲದೆ ಚಟ್ಟದ ಕೊನೆಯನ್ನು ತಲೆಯ ಮೇಲೆ ಹೊತ್ತು ನಡೆದಳು. ಅಕ್ಕನೂ ಬಹುಕಾಲ ಬದುಕಲಿಲ್ಲ.

ಈ ಪ್ರಕರಣವನ್ನು ಇಷ್ಟು ವಿಸ್ತಾರವಾಗಿ ಹೇಳಲು ಕಾರಣವಿದೆ. ಮುಂದೆ ರಮಾಬಾಯಿ ಮಾಡಿದ ಕಾರ್ಯದ ಬೇರು ಇರುವುದು ಆ ರೊಟ್ಟಿಯ ತುಂಡಿನಲ್ಲಿ.

ಉಳಿದ ಅಣ್ಣ ತಂಗಿ ಉತ್ತರದ ಕಡೆಗೆ ಕಾಲ್ನಡಿಗೆಯಲ್ಲಿ ಹೊರಟರು. ಝೇಲಂ ನದಿಯ ದಂಡೆಯಲ್ಲಿ, ಕೊರೆಯುವ ಚಳಿಗೆ ಹೊದಿಕೆಯಿಲ್ಲದೆ, ಮರಳಿನಲ್ಲಿ ಗುಂಡಿ ತೋಡಿಕೊಂಡು ಕತ್ತಿನವರೆಗೂ ಹೂತುಕೊಂಡು ರಾತ್ರಿ ಕಳೆದುದೂ ಉಂಟು. 1878ರಲ್ಲಿ ಕಲ್ಕತ್ತಾ ನಗರವನ್ನು ಸೇರಿದಾಗ ಅವರ ಅದೃಷ್ಟ ತಿರುಗಿತು. ಇಪ್ಪತ್ತರ ಹರೆಯದ ಯುವತಿಯ ಸಂಸ್ಕೃತ ಪಾಂಡಿತ್ಯಕ್ಕೆ ಅಲ್ಲಿನ ವಿದ್ವಾಂಸರು ಬೆರಗಾಗಿ, ಪಂಡಿತಾ ಹಾಗೂ ಸರಸ್ವತಿ ಎಂಬ ಬಿರುದುಗಳನ್ನಿತ್ತು ಗೌರವಿಸಿದರು. 1880ರಲ್ಲಿ ಅಣ್ಣನು ಗತಿಸಿದನು. ಅದೇ ವರ್ಷ ರಮಾಬಾಯಿ ವಕೀಲರಾಗಿದ್ದ ಬಿಪಿನ್ ಬಿಹಾರಿ ಮೇಧಾವಿಯವರನ್ನು ವಿವಾಹವಾದರು. ವರನು ಬೇರೆ ಜಾತಿಯವನು, ಬೇರೆ ಭಾಷೆಯವನು. ಅಂದಿನ ಸಮಾಜಕ್ಕೆ ಇದು ಸಹಿಸಲಾಗದ ಸಂಗತಿ. 1881ರಲ್ಲಿ ಮನೋರಮಾ ಹುಟ್ಟಿದಳು. ಮರುವರ್ಷವೇ ಪತಿಯು ಕಾಲರಾ ಬೇನೆಗೆ ತುತ್ತಾದನು. ಇಪ್ಪತ್ತಮೂರು ವರ್ಷದ ರಮಾಬಾಯಿ ಎಳೆಯ ಮಗುವಿನೊಂದಿಗೆ ವಿಧವೆಯಾದರು.

ದುಃಖವನ್ನು ನುಂಗಿ ಆಕೆ ಪುಣೆಗೆ ಬಂದರು. 1882ರಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು; ಅದೇ ವರ್ಷ ಹಂಟರ್ ಶಿಕ್ಷಣ ಆಯೋಗದ ಮುಂದೆ ನಿಂತು, ಹೆಣ್ಣುಮಕ್ಕಳ ಶಾಲೆಗಳಿಗೆ ಉಪಾಧ್ಯಾಯಿನಿಯರೂ, ಹೆಂಗಸರ ರೋಗಗಳಿಗೆ ವೈದ್ಯೆಯರೂ ಬೇಕೆಂದು ಸಾಕ್ಷ್ಯ ನುಡಿದರು. ತಾವೇ ವೈದ್ಯಕೀಯವನ್ನು ಕಲಿಯಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ತೆರಳಿದರೂ ಕಿವಿ ಮಂದವಾಗಿದ್ದುದರಿಂದ ಆ ಆಸೆ ಕೈಗೂಡಲಿಲ್ಲ. ಅಲ್ಲಿಯೇ ಅವರು ಕ್ರೈಸ್ತಮತವನ್ನು ಸ್ವೀಕರಿಸಿದರು. ಅದುವರೆಗೆ ಅವರನ್ನು ಕೊಂಡಾಡಿದ್ದ ಸ್ವದೇಶದ ಅನೇಕರಿಗೆ ಇದರಿಂದ ತೀವ್ರವಾದ ನೋವಾಯಿತು. ಚರ್ಚಿನ ಹಿರಿಯರೊಡನೆಯೂ ರಮಾಬಾಯಿಯವರ ಸಂಬಂಧ ಸುಗಮವಾಗಿರಲಿಲ್ಲ. ತಮ್ಮ ವಿವೇಕಕ್ಕೆ ಒಪ್ಪದ ಮಾತನ್ನು ಯಾರು ಹೇಳಿದರೂ ಆಕೆ ತಲೆಬಾಗುವವರಲ್ಲ.

1886ರಲ್ಲಿ, ವೈದ್ಯಪದವಿಯನ್ನು ಪಡೆಯುತ್ತಿದ್ದ ಆನಂದಿಬಾಯಿ ಜೋಶಿಯವರ ಘಟಿಕೋತ್ಸವಕ್ಕೆಂದು ರಮಾಬಾಯಿ ಅಮೆರಿಕಕ್ಕೆ ಹೋದರು. ಎರಡು ವರ್ಷಗಳಿಗೂ ಮಿಕ್ಕಿ ಆ ದೇಶದಲ್ಲಿ ಸಂಚರಿಸಿ, ಬಾಲವಿಧವೆಯರ ಸಂಕಟವನ್ನು ಉಪನ್ಯಾಸಗಳ ಮೂಲಕ ವಿವರಿಸಿದರು. ಅದನ್ನೇ ಕುರಿತು ಇಂಗ್ಲಿಷಿನಲ್ಲಿ ಪುಸ್ತಕವನ್ನೂ ಬರೆದರು. 1887ರ ಡಿಸೆಂಬರಿನಲ್ಲಿ ಬೋಸ್ಟನ್ ನಗರದಲ್ಲಿ ರಮಾಬಾಯಿ ಸಂಘವು ಸ್ಥಾಪನೆಯಾಯಿತು. ಇದರ ಏರ್ಪಾಡು ಗಮನಿಸತಕ್ಕದ್ದು. ಊರೂರುಗಳಲ್ಲಿ ಚಿಕ್ಕ ಚಿಕ್ಕ ಮಂಡಲಿಗಳು. ಒಬ್ಬೊಬ್ಬ ಸದಸ್ಯೆಯೂ ವರ್ಷಕ್ಕೆ ಒಂದು ಡಾಲರಿನಂತೆ ಹತ್ತು ವರ್ಷಗಳ ಕಾಲ ಕೊಡುವೆನೆಂದು ಮಾತು ಕೊಡುವುದು. ಒಬ್ಬ ಧನಿಕನು ಒಮ್ಮೆ ಕೊಟ್ಟು ಮರೆಯುವ ದೊಡ್ಡ ದಾನಕ್ಕಿಂತ, ಹಲವರು ವರ್ಷವರ್ಷವೂ ನೆನಪಿಟ್ಟುಕೊಂಡು ಕೊಡುವ ಕಿರುಕಾಣಿಕೆಯೇ ಸಂಸ್ಥೆಯನ್ನು ನಿಲ್ಲಿಸಬಲ್ಲುದೆಂಬುದನ್ನು ರಮಾಬಾಯಿ ಅರಿತಿದ್ದರು. ಆ ಮಂಡಲಿಗಳ ಗೃಹಿಣಿಯರಲ್ಲಿ ಹೆಚ್ಚಿನವರು ಭಾರತವನ್ನು ಎಂದೂ ಕಂಡವರಲ್ಲ.

ಈ ನೆರವಿನಿಂದ 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ಆರಂಭವಾಯಿತು. ಮೊದಲಿಗೆ ಇದ್ದವರು ಇಬ್ಬರೇ ವಿದ್ಯಾರ್ಥಿನಿಯರು. ಅವರಲ್ಲೊಬ್ಬಳು ಗೋದೂಬಾಯಿ ಎಂಬ ಬಾಲವಿಧವೆ. ಮುಂದೆ ಈಕೆ ಧೋಂಡೋ ಕೇಶವ ಕರ್ವೆಯವರನ್ನು ವಿವಾಹವಾಗಿ, ಕರ್ವೆಯವರು ಸ್ಥಾಪಿಸಿದ ಅನಾಥ ಬಾಲಿಕಾಶ್ರಮಕ್ಕಾಗಿ ಹಣ ಕೂಡಿಸುತ್ತ ದುಡಿದರು. ಮರುವರ್ಷ ಸದನವು ಪುಣೆಗೆ ಸ್ಥಳಾಂತರವಾಯಿತು. ಮತದ ವಿಷಯದಲ್ಲಿ ಸಂಸ್ಥೆಯು ತಟಸ್ಥವಾಗಿರತಕ್ಕದ್ದೆಂಬುದು ಸಂಘದ ನಿಯಮವಾಗಿದ್ದಿತು. ಆದರೆ ರಮಾಬಾಯಿ ತಮ್ಮ ಕೋಣೆಯಲ್ಲಿ ಮಾಡುತ್ತಿದ್ದ ಪ್ರಾರ್ಥನೆಯಲ್ಲಿ ಕೆಲವು ಹುಡುಗಿಯರು ಭಾಗವಹಿಸತೊಡಗಿದಾಗ ಪುಣೆಯಲ್ಲಿ ದೊಡ್ಡ ವಿವಾದವೆದ್ದಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಅವರಂಥ ಹಿತೈಷಿಗಳೇ ಸಲಹಾ ಸಮಿತಿಯಿಂದ ಹೊರಬಂದರು. ಅನೇಕ ಪೋಷಕರು ಮಕ್ಕಳನ್ನು ಕರೆದೊಯ್ದರು. ಬಾಗಿಲನ್ನು ಯಾರಿಗೂ ಮುಚ್ಚಲಾರೆನೆಂದ ರಮಾಬಾಯಿಯವರ ಪ್ರಾಮಾಣಿಕತೆ ದೊಡ್ಡದು. ನಂಬಿ ಮಕ್ಕಳನ್ನು ಒಪ್ಪಿಸಿದ ತಂದೆತಾಯಿಗಳ ಕಳವಳವೂ ಸುಳ್ಳಲ್ಲ. ಅದೇನೇ ಇರಲಿ, ಸದನವು ಮುಚ್ಚಲಿಲ್ಲ.

1896ರ ಕೊನೆಯಲ್ಲಿ ಮಧ್ಯಪ್ರಾಂತದಿಂದ ಕ್ಷಾಮದ ವಾರ್ತೆಗಳು ಬರತೊಡಗಿದವು. ರಮಾಬಾಯಿಗೆ ತಿರುಪತಿಯ ಕಾಡು ಕಣ್ಣೆದುರು ಬಂದಿತು. ಆದರೆ ಕೈಯಲ್ಲಿ ಹಣವೆಲ್ಲಿ? ಅಮೆರಿಕದ ದ್ರವ್ಯವು ಶಾರದಾ ಸದನದ ಮೇಲ್ಜಾತಿಯ ವಿಧವೆಯರಿಗೆಂದೇ ಮೀಸಲಾದುದು. ಹಸಿದ ಬೇರೆ ಮಕ್ಕಳಿಗಾಗಿ ಅದರಿಂದ ಒಂದು ಕಾಸನ್ನೂ ತೆಗೆಯುವಂತಿರಲಿಲ್ಲ. ಆದರೂ ಆಕೆ ಹೊರಟರು. ಕ್ಷಾಮಪರಿಹಾರದ ಶಿಬಿರಗಳಲ್ಲಿ ಕಂಡ ನೋಟ ಭಯಂಕರವಾಗಿತ್ತು. ಎಲುಬಿನ ಹಂದರವಾಗಿದ್ದ ಮಕ್ಕಳು. ತಂದೆತಾಯಿಗಳನ್ನು ಕಳೆದುಕೊಂಡ ಹುಡುಗಿಯರು. ಅವರ ಅಸಹಾಯಕತೆಯನ್ನು ಕಂಡು, ಅವರನ್ನು ಪಾಪದ ಕೂಪಕ್ಕೆ ತಳ್ಳಲು ಕಾದಿದ್ದ ದುರುಳರೂ ಅಲ್ಲಿ ಸುಳಿದಾಡುತ್ತಿದ್ದರು. ರಮಾಬಾಯಿ ಜಾತಿಯನ್ನು ಕೇಳಲಿಲ್ಲ. ಸಿಕ್ಕವರನ್ನೆಲ್ಲ ತಂಡತಂಡವಾಗಿ ಕರೆತಂದರು. ಹೀಗೆ ಉಳಿದು ಬಂದವರು ಸುಮಾರು 300 ಮಂದಿ.

ಅಷ್ಟರಲ್ಲಿ ಪುಣೆಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಹೊಸಬರನ್ನು ನಗರದಲ್ಲಿ ಇರಿಸಿಕೊಳ್ಳಬಾರದೆಂದು ಅಧಿಕಾರಿಗಳ ಆಜ್ಞೆಯಾಯಿತು. ಪುಣೆಯಿಂದ ಸುಮಾರು 55 ಕಿಲೋಮೀಟರ್ ದೂರದ ಕೇಡಗಾಂವ್‌ನಲ್ಲಿ ಸದನದ ಆದಾಯಕ್ಕೆಂದು ಕೊಂಡಿದ್ದ ನೂರು ಎಕರೆಯ ತೋಟವೊಂದಿತ್ತು. ಅಲ್ಲಿಗೆ ಹುಡುಗಿಯರನ್ನು ಸಾಗಿಸಿದರು. ಇದ್ದುದು ಬಯಲು ಮತ್ತು ಹುಲ್ಲಿನ ಚಪ್ಪರ.

ಮುನ್ನೂರು ರೋಗಿಷ್ಠ ಮಕ್ಕಳನ್ನು ಒಬ್ಬಾಕೆ ನೋಡಿಕೊಳ್ಳುವುದು ಎಲ್ಲಿಯ ಮಾತು? ಸಂಬಳ ಕೊಟ್ಟು ಆಳುಗಳನ್ನಿಡಲು ಹಣವಿಲ್ಲ. ಈ ಸಂದರ್ಭದಲ್ಲಿ ಕೈಜೋಡಿಸಿದವರು ಶಾರದಾ ಸದನದಲ್ಲಿ ಓದಿದ ವಿಧವೆಯರೇ. ತಲೆ ಬೋಳಿಸಿಕೊಂಡು ಮನೆಯ ಮೂಲೆಯಲ್ಲಿ ಅಪಶಕುನವೆನಿಸಿಕೊಂಡು ಬದುಕಬೇಕಾಗಿದ್ದ ಹೆಣ್ಣುಮಕ್ಕಳು ಇವರು. ಹುಣ್ಣಾದ ಮೈಯನ್ನು ತೊಳೆದು, ಹೇನು ತುಂಬಿದ ತಲೆಯನ್ನು ಶುಚಿಗೊಳಿಸಿ, ಗಂಜಿಯನ್ನು ಅಳತೆಯಲ್ಲಿ ಉಣಿಸುವುದು ಇವರ ಕೆಲಸವಾಯಿತು. ಹಸಿದ ಹೊಟ್ಟೆಗೆ ಒಮ್ಮೆಲೇ ಅನ್ನ ಬಿದ್ದರೆ ಅದೇ ಮೃತ್ಯುವಾಗುವುದೆಂಬುದು ಬರವನ್ನು ಕಂಡವರಿಗೆಲ್ಲ ಗೊತ್ತು. ಎಷ್ಟು ಆರೈಕೆ ಮಾಡಿದರೂ ಕೆಲವು ಮಕ್ಕಳು ಉಳಿಯಲಿಲ್ಲ. ಉಳಿದವರಿಗೆ ಇದೇ ವಿದ್ಯಾರ್ಥಿನಿಯರು ಅಕ್ಷರವನ್ನೂ ಹೊಲಿಗೆಯನ್ನೂ ಕಲಿಸಿದರು. ಮೇಲ್ಜಾತಿಯಲ್ಲಿ ಹುಟ್ಟಿ ಮಡಿಮೈಲಿಗೆಗಳ ನಡುವೆ ಬೆಳೆದ ಕೈಗಳು ಊರೂ ಕುಲವೂ ತಿಳಿಯದ ಮಕ್ಕಳ ಮೈ ತೊಳೆದವು. ಈ ಸ್ವಯಂಸೇವಕಿಯರಲ್ಲಿ ಹೆಚ್ಚಿನವರ ಹೆಸರುಗಳನ್ನು ಇಂದು ಯಾರೂ ಬಲ್ಲವರಿಲ್ಲ.

ಹೊರಗಿನಿಂದಲೂ ನೆರವು ಬಂದಿತು. ಪುಣೆಯ ಸುಂದರಾಬಾಯಿ ಪವಾರ್ ಹಳೆಯ ಗೆಳತಿಯಾಗಿ ಬೆನ್ನಿಗೆ ನಿಂತರು. 1898ರಲ್ಲಿ ಅಮೆರಿಕದ ಮಿನ್ನಿ ಅಬ್ರಾಮ್ಸ್ ಎಂಬಾಕೆ ಬಂದು ಸೇರಿದರು. ಆ ವರ್ಷಕ್ಕೆ ಅಮೆರಿಕದ ಮಂಡಲಿಗಳ ಹತ್ತು ವರ್ಷದ ವಾಗ್ದಾನ ಮುಗಿದಿದ್ದಿತು. ರಮಾಬಾಯಿ ಮತ್ತೆ ಅಲ್ಲಿಗೆ ಹೋಗಿ ಲೆಕ್ಕವೊಪ್ಪಿಸಿದರು. ಸಂಘವು ಹೊಸ ಹೆಸರಿನಲ್ಲಿ ಮುಂದುವರಿಯಿತು.

ಕೇಡಗಾಂವ್‌ನ ಚಪ್ಪರವು ಮುಕ್ತಿ ಸದನವಾಗಿ ಬೆಳೆಯಿತು. 1900ರಲ್ಲಿ ಗುಜರಾತಿನಲ್ಲಿ ಬರ ಬಿದ್ದಾಗ ಸದನದ ಹೆಂಗಸರೇ ಅಲ್ಲಿಗೆ ಹೋಗಿ ಮಕ್ಕಳನ್ನು ಹುಡುಕಿ ತಂದರು. ನಿವಾಸಿಗಳ ಸಂಖ್ಯೆ ಸುಮಾರು 2,000ಕ್ಕೆ ಏರಿತು. ಅಷ್ಟು ಜನರ ಅನ್ನಕ್ಕೆ ದಾನವೊಂದನ್ನೇ ನಂಬಿ ಕೂಡಲಾದೀತೆ? ಬಾವಿಗಳನ್ನು ತೋಡಿಸಿದರು. ಬೇಸಾಯ, ಹೈನುಗಾರಿಕೆ, ನೇಯ್ಗೆ, ಎಣ್ಣೆಯ ಗಾಣ, ಮುದ್ರಣಾಲಯ ಎಲ್ಲವೂ ಹೆಂಗಸರ ಕೈಯಿಂದಲೇ ನಡೆದವು. ಅಂಧ ಬಾಲಿಕೆಯರಿಗೆ ಬ್ರೈಲ್ ಲಿಪಿಯಲ್ಲಿ ಓದು ಕಲಿಸಿದರು. ಅದನ್ನು ಕಲಿಸಿದವಳು ಅಮೆರಿಕದಲ್ಲಿ ಓದಿ ಬಂದಿದ್ದ ಮನೋರಮಾ.

ಮನೋರಮಾ ತಾಯಿಯ ಬಲಗೈಯಾಗಿದ್ದಳು. ಆಗ ನಿಜಾಮರ ಆಡಳಿತದಲ್ಲಿದ್ದ ಗುಲ್ಬರ್ಗದಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆಯೊಂದನ್ನು ತೆರೆದವಳೂ ಆಕೆಯೇ. ಗಂಗಾಮೂಲದಿಂದ ಬುಟ್ಟಿಯಲ್ಲಿ ಹೊರಟಿದ್ದ ಕೂಸಿನ ಸೇವೆಯು ಹೀಗೆ ಸುತ್ತಿ ಬಳಸಿ ಕನ್ನಡ ನಾಡಿಗೂ ಬಂದು ಮುಟ್ಟಿತು. 1919ರಲ್ಲಿ ಸರಕಾರವು ರಮಾಬಾಯಿಯವರಿಗೆ ಕೈಸರ್-ಇ-ಹಿಂದ್ ಪದಕವನ್ನಿತ್ತಿತು. ಆದರೆ 1921ರ ಜುಲೈ ತಿಂಗಳಲ್ಲಿ, ತಾವು ಕಟ್ಟಿದುದನ್ನು ಒಪ್ಪಿಸಬೇಕೆಂದಿದ್ದ ಮಗಳನ್ನೇ ಅವರು ಕಳೆದುಕೊಂಡರು. ಆ ದುಃಖದ ನಡುವೆಯೂ ಕೈಗೆತ್ತಿಕೊಂಡಿದ್ದ ಬೈಬಲಿನ ಮರಾಠಿ ಅನುವಾದವನ್ನು ಬಿಡಲಿಲ್ಲ. ಅದಕ್ಕಾಗಿ ಅವರು ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತಿದ್ದರು. 1922ರ ಏಪ್ರಿಲ್ 5ರಂದು ಕೇಡಗಾಂವ್‌ನಲ್ಲಿ ರಮಾಬಾಯಿ ನಿಧನರಾದರು. ಆ ಗ್ರಂಥದ ಪುಟಗಳಿಗೆ ಸದನದ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸಿದವರು ಅಲ್ಲಿ ಆಶ್ರಯ ಪಡೆದು ಬೆಳೆದ ಹುಡುಗಿಯರು.