ಕಡಕೋಳದ ಚಾಪೆ

ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳ ಸಂಧಿಕಾಲದಲ್ಲಿ ಬಾಳಿದ ಮಡಿವಾಳಪ್ಪನವರು ಅಫಜಲಪುರ ಸೀಮೆಯ ಬಿದನೂರಿನಲ್ಲಿ ಹುಟ್ಟಿದರು. ಚಿನ್ಮಯಗಿರಿಯ ಮಹಾಂತೇಶ್ವರರನ್ನು ಗುರುವಾಗಿ ಪಡೆದು ಜೇವರ್ಗಿ ಸೀಮೆಯ ಕಡಕೋಳದಲ್ಲಿ ನೆಲೆನಿಂತರು. 2018ರಿಂದ ಆ ಊರು ಯಡ್ರಾಮಿ ತಾಲ್ಲೂಕಿಗೆ ಸೇರಿದೆ. ಕುಲ ಕೇಳಿದವರಿಂದ ಅವರು ಪಟ್ಟ ಪಾಡನ್ನು ಆ ನಾಡು ಇನ್ನೂ ಮರೆತಿಲ್ಲ. ಆದರೂ ಚನ್ನೂರಿನ ಜಲಾಲಸಾಹೇಬರು, ಖೈನೂರಿನ ಕೃಷ್ಣಪ್ಪನವರು, ತೆಲುಗಬಾಳದ ರೇವಪ್ಪನವರು, ಹೀಗೆ ಬೇರೆಬೇರೆ ಕುಲಮತದವರು ಅವರ ಶಿಷ್ಯರಾಗಿ ಒಂದೇ ಚಾಪೆಯ ಮೇಲೆ ಕುಳಿತರು. ಅಲ್ಲಿ ಪ್ರವೇಶಕ್ಕೆ ಗುರುಭಕ್ತಿಯೊಂದೇ ಸಾಕಾಗಿತ್ತು.

ಅವರ ತತ್ವಪದಗಳು ಆಳಂದದ ಹಳ್ಳಿಗಳಲ್ಲೂ ಇರುಳಿಡೀ ಮೊಳಗುತ್ತವೆ. ಅಂಥ ಭಜನೆಗಳಲ್ಲಿ ತಂಬಾಕಿನ ಚಿಲುಮೆ ಕೈಯಿಂದ ಕೈಗೆ ಸಾಗುವುದನ್ನು ನಾನು ಕಂಡಿದ್ದೇನೆ. ಹಗಲೆಲ್ಲ ಜೋಳದ ಹೊಲದಲ್ಲಿ ದುಡಿದವನ ನಿದ್ದೆಯನ್ನು ಹೊಗೆ ಓಡಿಸುತ್ತದೆ, ನಿಜ. ಚಟ ಹತ್ತುವುದಕ್ಕೆ ಇಷ್ಟೇ ಕಾರಣವೆಂದರೆ ನಾನು ಒಪ್ಪಲಾರೆ. ನೀರನ್ನೂ ದೂರದಿಂದ ಹೊಯ್ಯುತ್ತಿದ್ದ ಊರುಗಳಲ್ಲಿ ಒಂದೇ ಚಿಲುಮೆಗೆ ಬಾಯಿಡುವುದು ಸಣ್ಣ ಮಾತಲ್ಲ. ಎಳೆಯನು ಅದನ್ನು ಹಿಡಿಯುವುದು ಹೊಗೆಗಿಂತ ಹೆಚ್ಚಾಗಿ ಹಿರಿಯರ ನಡುವಿನ ಜಾಗಕ್ಕಾಗಿ. (ಪಟ್ಟಣದ ಸಿಗರೇಟಿನ ಕಥೆಯೂ ಬೇರೆಯಲ್ಲ.)

ಬಿಟ್ಟವರನ್ನೂ ಬಲ್ಲೆ. ಉಪದೇಶ ಕೇಳಿ ಬಿಟ್ಟವರು ವಿರಳ. ಏರುಸ್ವರ ಹತ್ತದೆ ಪದ ಗಂಟಲಲ್ಲೇ ಒಡೆದಾಗ ಬಿಟ್ಟವರು ಹೆಚ್ಚು. ಮೊದಲ ವಾರ ಸಿಡುಕು, ತಲೆನೋವು, ನಿದ್ದೆಗೇಡು. ಅದನ್ನು ದಾಟಿದವರೆಲ್ಲ ಒಂದು ವಿಷಯದಲ್ಲಿ ಭಾಗ್ಯವಂತರು: ಸೇದದೆಯೇ ಚಿಲುಮೆಯನ್ನು ಮುಂದಕ್ಕೆ ದಾಟಿಸಿದಾಗ ಪಕ್ಕದವರು ಸರಿದು ಕೂರಲಿಲ್ಲ.